ಪ್ರತಿಕ್ರಿಯೆ: ಮುದ್ದೆಯಲ್ಲಿ ಬೀಟಾ ಗ್ಲೂಕಾನ್ ಸಿಗುತ್ತಾ?

ಅಕ್ಕಾ, ನಿಮ್ಮ ಅಪ್ಪಾಜಿಗೆ ಕೊಲೆಸ್ಟ್ರಾಲ್ ಜಾಸ್ತಿ, ಓಟ್ಸ್ ಕಂಡ್ರೆ ಆಗಲ್ಲ, ಕೊಲೆಸ್ಟ್ರಾಲ್ ಇಳಿಸೋ ಬೀಟಾ ಗ್ಲೂಕಾನ್ ಅನ್ನೋ ಕರಗುವ ನಾರಿಗೆ ಮುದ್ದೆನೇ ಸಾಕಾ, ಇಲ್ಲಾ ಅಣಬೆ ಕ್ಯಾಪ್ಸೂಲ್ ತರ್ಲಾ ಅಂತ ಅರಸೀಕೆರೆಯಿಂದ ಕೇಳಿದ್ದೀರಿ. ನಾನು ಹಾಸನದವನು, ಮುದ್ದೆ ಬಿಟ್ಟುಕೊಡೋನಲ್ಲ. ಆದ್ರೂ ಹೇಳಲೇಬೇಕು: ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಚೆನ್ನಾಗಿದೆ, ಬೀಟಾ ಗ್ಲೂಕಾನ್ ಮಾತ್ರ ತೀರಾ ಕಮ್ಮಿ.

ಓಟ್ಸ್ ಬೇಡ ಅಂದ್ರೆ ಬಾರ್ಲಿ ಇದೆಯಲ್ಲ. ರಾತ್ರಿ ನೆನೆಹಾಕಿ ಬೆಳಿಗ್ಗೆ ಬೇಯಿಸಿ ನೋಡಿ, ಸೌಟು ಎತ್ತಿದ್ರೆ ಲೋಳೆ ಲೋಳೆಯಾಗಿ ಇಳಿಯುತ್ತೆ. ಕೆಲಸ ಮಾಡೋದು ಬೀಟಾ ಗ್ಲೂಕಾನ್‌ನಿಂದ ಆಗೋ ಆ ಲೋಳೆನೇ. ಕರುಳಲ್ಲಿ ಪಿತ್ತದ ಆಮ್ಲಗಳನ್ನ ಹಿಡ್ಕೊಂಡು ಹೊರಗೆ ಸಾಗಿಸುತ್ತೆ. ಹೊಸ ಪಿತ್ತ ಮಾಡೋಕೆ ಲಿವರ್ ರಕ್ತದಲ್ಲಿರೋ ಕೊಲೆಸ್ಟ್ರಾಲನ್ನ ಎಳ್ಕೊಳ್ಳುತ್ತೆ. ಅದಕ್ಕೇ ಬರೀ ನೀರು ಸೋಸಿ ಕುಡಿದು ಕಾಳು ಚೆಲ್ಲಬೇಡಿ. ನಮ್ಮಮ್ಮ ವರ್ಷಗಟ್ಟಲೆ ಹಾಗೇ ಮಾಡ್ತಿದ್ರು, ಕಾಳೆಲ್ಲ ಹಸುವಿನ ಪಾಲು! ಅನ್ನದ ಬದಲು ಅದನ್ನೇ ಸೊಪ್ಪಿನ ಸಾರಿಗೆ ಕಲಸಿ ಕೊಡಿ.

ದಿನಕ್ಕೆ 3 ಗ್ರಾಂ ಬೀಟಾ ಗ್ಲೂಕಾನ್ ಬೇಕು. ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1997ರಲ್ಲಿ ಓಟ್ಸ್ ಹೃದಯಕ್ಕೆ ಒಳ್ಳೇದು ಅಂತ ಹೇಳ್ಕೊಳ್ಳೋಕೆ ಒಪ್ಪಿದ್ದೂ ಇದೇ ಲೆಕ್ಕದಲ್ಲಿ. ಅಷ್ಟು ಸಿಗೋಕೆ ಒಣ ಬಾರ್ಲಿ ಹೆಚ್ಚುಕಮ್ಮಿ 75 ಗ್ರಾಂ ಬೇಕಾಗುತ್ತೆ. ಮೊದಲ ವಾರ ಅರ್ಧ ಕೊಡಿ, ಇಲ್ಲಾಂದ್ರೆ ಹೊಟ್ಟೆ ಉಬ್ಬರಿಸುತ್ತೆ.

ಅಣಬೆಯ ಬೀಟಾ ಗ್ಲೂಕಾನ್‌ದು ಹೆಸರು ಒಂದೇ, ಅದರೊಳಗಿನ ಸಕ್ಕರೆ ಕಣಗಳ ಜೋಡಣೆ ಬೇರೆ. ಧಾನ್ಯದಲ್ಲಿ 1,3 ಮತ್ತು 1,4 ಕೊಂಡಿ, ಅಣಬೆ, ಯೀಸ್ಟ್‌ನಲ್ಲಿ 1,3 ಮತ್ತು 1,6. ಅದನ್ನ ರೋಗನಿರೋಧಕ ಶಕ್ತಿಗೆ ಅಂತ ಮಾರ್ತಾರೆ. ಕೊಲೆಸ್ಟ್ರಾಲ್‌ಗೋಸ್ಕರ ಅದಕ್ಕೆ ದುಡ್ಡು ಸುರೀಬೇಡಿ. ಅಪ್ಪಾಜಿ ಕೊಲೆಸ್ಟ್ರಾಲ್ ಇಳಿಸೋ ಸ್ಟ್ಯಾಟಿನ್ ಮಾತ್ರೆ ತಗೊಳ್ತಿದ್ರೆ ಬಾರ್ಲಿ ನಂಬ್ಕೊಂಡು ಅದನ್ನ ನಿಲ್ಲಿಸಲೂ ಬೇಡಿ.