ಕೆಡದ ಕಂಪ್ರೆಸರ್, ಆದರೂ ಗಾಳಿ ಸಾಲುತ್ತಿಲ್ಲ

"ನಮ್ಮ ಸ್ಕ್ರೂ ಕಂಪ್ರೆಸರ್ ಎರಡು ವರ್ಷದಿಂದ ಒಂದು ದಿನವೂ ಕೆಟ್ಟಿಲ್ಲ. ಆದರೂ ಈಗ ಗಾಳಿಯ ಒತ್ತಡ ಸಾಲುತ್ತಿಲ್ಲ, ಗಾಳಿಯಿಂದ ಓಡುವ ಸಿಲಿಂಡರುಗಳು ನಿಧಾನ. ಹೊಸದು ತರಬೇಕಾ?" ಎಂದು ಕೇಳಿದ್ದೀರಿ. ಈಗಲೇ ತರಬೇಡಿ. ಮೊದಲು ಗಾಳಿ ಲೈನಿನಲ್ಲಿ ಸೋರಿಕೆ ನೋಡಿ.

ಮಷೀನು ಕೆಟ್ಟು ನಿಂತರೆ ಎಲ್ಲರೂ ಓಡಿ ಬರುತ್ತಾರೆ. ದಿನಾ ಸ್ವಲ್ಪ ಸ್ವಲ್ಪ ಸೊರಗಿದರೆ ಬ್ರೇಕ್‌ಡೌನ್ ರಿಜಿಸ್ಟರಿನಲ್ಲಿ ಒಂದು ಸಾಲೂ ಬರುವುದಿಲ್ಲ, ಅಲ್ವಾ? ನಿಮ್ಮಲ್ಲಿ ಆಗಿರುವುದೂ ಅದೇ ಅನಿಸುತ್ತದೆ.

ಶಿಫ್ಟ್ ಮುಗಿದ ಮೇಲೆ ಮಷೀನುಗಳನ್ನೆಲ್ಲ ನಿಲ್ಲಿಸಿ. ಗಾಳಿ ಲೈನಿನ ವಾಲ್ವುಗಳು ತೆರೆದೇ ಇರಲಿ. ಕಂಪ್ರೆಸರ್ ಮಾತ್ರ ಓಡಿಸಿ, ಲೋಡ್ (ಗಾಳಿ ತುಂಬುವುದು) ಎಷ್ಟು ಹೊತ್ತು, ಅನ್‌ಲೋಡ್ (ಗಾಳಿ ತುಂಬದೆ ಬರೀ ತಿರುಗುವುದು) ಎಷ್ಟು ಹೊತ್ತು ಎಂದು ನಾಲ್ಕೈದು ಸುತ್ತು ಬರೆದುಕೊಳ್ಳಿ. 3 ನಿಮಿಷ ಲೋಡ್, 7 ನಿಮಿಷ ಅನ್‌ಲೋಡ್ ಬಂದರೆ, ಕಂಪ್ರೆಸರ್ ಕೊಡಬಲ್ಲ ಗಾಳಿಯಲ್ಲಿ ಶೇ. 30 ಸೋರಿಕೆಗೇ ಹೋಗುತ್ತಿದೆ ಎಂದರ್ಥ. ಇದು ಶೇ. 10ರ ಒಳಗಿರಬೇಕು. 7 ಬಾರ್ ಒತ್ತಡದಲ್ಲಿ 3 ಮಿಲಿಮೀಟರಿನ ಒಂದೇ ತೂತು ಸೆಕೆಂಡಿಗೆ ಸುಮಾರು 11 ಲೀಟರ್ ಗಾಳಿ ಬಿಡುತ್ತದೆ!

ನಮ್ಮ ಶೆಡ್ಡಿನಲ್ಲಿ ಒಂದು ಭಾನುವಾರ ಎಲ್ಲಾ ನಿಲ್ಲಿಸಿದಾಗ ಗೋಡೆಯುದ್ದಕ್ಕೂ ಬುಸ್ ಎನ್ನುವ ಸದ್ದು. ಸೋಪಿನ ನೀರು ಹಚ್ಚುತ್ತಾ ಹೋದೆ. ಲೇತಿನ ಹಿಂದೆ, ಗಾಳಿ ಪೈಪನ್ನು ಥಟ್ಟನೆ ಜೋಡಿಸಿ ಬಿಚ್ಚುವ ಕ್ವಿಕ್ ಕಪ್ಲಿಂಗಿನಲ್ಲಿ ನಿಂಬೆಹಣ್ಣಿನಷ್ಟು ದಪ್ಪ ಗುಳ್ಳೆ ಎದ್ದಿತು. ಒಳಗಿನ ರಬ್ಬರ್ ರಿಂಗ್ ಒಣಗಿ ಬಿರುಕು ಬಿಟ್ಟಿತ್ತು.

ದಯವಿಟ್ಟು ಒತ್ತಡದ ಸೆಟ್ಟಿಂಗ್ ಏರಿಸಬೇಡಿ. ಒಂದು ಬಾರ್ ಏರಿಸಿದರೆ ಕರೆಂಟು ಸುಮಾರು ಶೇ. 7 ಜಾಸ್ತಿ, ಸೋರಿಕೆಯೂ ಜಾಸ್ತಿ. ಕಂಪ್ರೆಸರ್ ಒಳಗೆಳೆಯುವ ಗಾಳಿಯನ್ನು ಸೋಸುವ ಸಕ್ಷನ್ ಫಿಲ್ಟರ್ ಕಟ್ಟಿಕೊಂಡಿದೆಯಾ ಅದನ್ನೂ ನೋಡಿ. ಅಳತೆ ತೆಗೆದು ಇಲ್ಲಿ ಹಾಕಿ, ಒಟ್ಟಿಗೆ ಲೆಕ್ಕ ಮಾಡೋಣ.