ಒಂದು ಅಂಕದ ತಕರಾರು

ಹಿರಿಯೂರು ತಾಲ್ಲೂಕಿನ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಬರೆದ ಕಾಗದ ಇದು. ಸ್ವಲ್ಪ ಮೊಟಕು ಮಾಡಿದ್ದೇವೆ.

“ಸಮಾಜ ಪರೀಕ್ಷೆಯಲ್ಲಿ ‘ಹವಾಮಾನ ಬದಲಾವಣೆ’ ಅಂತ ಬರೆದಿದ್ದೆ. ‘ವಾಯುಗುಣ’ ಅಂತ ಬರೆಯಬೇಕಿತ್ತು ಎಂದು ಮೇಡಂ ಒಂದು ಅಂಕ ಕಳೆದರು. ನಿಮ್ಮ ಪತ್ರಿಕೆಯಲ್ಲೇ ಹಾಗೆ ಬಂದಿತ್ತು ಸರ್. ತೋರಿಸಿದರೂ ಒಪ್ಪಲಿಲ್ಲ. ಎರಡೂ ಒಂದೇ ಅಲ್ವಾ? ಇನ್ನೊಂದು, ಆಗುಂಬೆಗೆ ಅಷ್ಟು ಮಳೆ ಬಂದು ನಮ್ಮೂರಿಗೆ ಬರೀ ಗಾಳಿ ಬರೋದು ಯಾಕೆ? ಈ ಸಲ ಮಘೆ ಮಳೆಯೇ ಆಗಲಿಲ್ಲ. ಕಾಲಮಾನವೇ ಬದಲಾಯ್ತು ಅಂತಾರೆ ತಾತ. ಹೌದಾ? ನನ್ನ ಹೆಸರು ಹಾಕಬೇಡಿ.”

ಹೆಸರು ಹಾಕಿಲ್ಲ, ಮಗಳೇ. ಅಂಕದ ವಿಷಯದಲ್ಲಿ ಮಾತ್ರ ನಾನು ನಿನ್ನ ಪರ ನಿಲ್ಲಲಾರೆ. ಮೇಡಂ ಸರಿ. ತಪ್ಪು ನಮ್ಮದು.

ನಿನ್ನ ಪಾಠದಲ್ಲಿ ಹವಾಮಾನ ಅಂದರೆ ಇವತ್ತಿನ, ನಾಳೆಯ, ಈ ವಾರದ ಸ್ಥಿತಿ: ಬಿಸಿಲೆಷ್ಟು, ಗಾಳಿ ಯಾವ ಕಡೆಯದು, ತೇವ ಎಷ್ಟು, ಮಳೆ ಬಂತೋ ಇಲ್ಲವೋ. ವಾಯುಗುಣ ಅಂದರೆ ಇವನ್ನೆಲ್ಲ ವರ್ಷಗಟ್ಟಲೆ ಬರೆದಿಟ್ಟು ನೋಡಿದಾಗ ಆ ಊರಿನದು ಎಂದು ತಿಳಿಯುವ ಸ್ವಭಾವ. ಸಾಮಾನ್ಯವಾಗಿ 30 ವರ್ಷದ ಲೆಕ್ಕ ಹಿಡಿಯುತ್ತಾರೆ. ಈಗ ಬಳಕೆಯಲ್ಲಿರುವುದು 1991ರಿಂದ 2020ರವರೆಗಿನದು. 1875ರಲ್ಲಿ ಶುರುವಾದ ನಮ್ಮ ಹವಾಮಾನ ಇಲಾಖೆ ದಿನದಿನದ ಸುದ್ದಿ ಕೊಡುತ್ತದೆ. ಹಾಗಾಗಿ ಆ ಹೆಸರು ಸರಿಯಾಗಿಯೇ ಇದೆ. ಪತ್ರಿಕೆಯವರು ನಾವು ಅದೇ ಪದವನ್ನು ಭೂಮಿ ಬಿಸಿಯಾಗುತ್ತಿರುವ ಸುದ್ದಿಗೂ ಅಂಟಿಸಿ ಗೊಂದಲ ಮಾಡಿದೆವು. ಎಲ್ಲರೂ ಬರೀತಾರೆ ಅಂತ ನಾವೂ ಬರೆದೆವು, ಅಷ್ಟೇ.

ನಿಜ ಹೇಳಬೇಕೆಂದರೆ ಈ ವ್ಯತ್ಯಾಸ ನಿಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. “ಮೋಡ ಹಾಕಿದೆ, ಬಟ್ಟೆ ಒಳಗೆ ತಾ” ಎಂದು ಅಮ್ಮ ಕೂಗುವುದು ಹವಾಮಾನ. “ಆ ಊರಿನ ಹವಾ ನನಗೆ ಒಗ್ಗಲ್ಲ” ಎಂದು ಅತ್ತೆ ಹೇಳುವುದು ವಾಯುಗುಣ.

ಇನ್ನು ಆಗುಂಬೆ. ಅಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ನಿಮ್ಮ ಕಡೆ 500ರಿಂದ 600ರ ಆಸುಪಾಸು. ಒಂದೇ ರಾಜ್ಯ. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಯೊಳಗೆ ತಲುಪುವ ಊರು. ಬೀಸುವುದೂ ಒಂದೇ ಗಾಳಿ.

ಅರಬ್ಬಿ ಸಮುದ್ರದ ಮೇಲಿಂದ ನೀರಾವಿ ಹೊತ್ತು ಬರುವ ಆ ಗಾಳಿಗೆ ಪಶ್ಚಿಮ ಘಟ್ಟ ಅಡ್ಡ ಸಿಗುತ್ತದೆ. ಮುಂದೆ ದಾರಿಯಿಲ್ಲ, ಮೇಲೆ ಹತ್ತಲೇಬೇಕು. ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆ. ಒತ್ತಡ ಕಡಿಮೆಯಾದರೆ ಗಾಳಿ ಹಿಗ್ಗುತ್ತದೆ, ಹಿಗ್ಗಿದರೆ ತಣ್ಣಗಾಗುತ್ತದೆ. ಸೈಕಲ್ ಟ್ಯೂಬಿನ ಗಾಳಿ ಬಿಡುವಾಗ ಬೆರಳು ಹಿಡಿದು ನೋಡು, ತಣ್ಣಗೆ ತಾಗುತ್ತದೆ. ತಣ್ಣಗಾದ ಗಾಳಿ ಅಷ್ಟೊಂದು ಆವಿಯನ್ನು ಇಟ್ಟುಕೊಳ್ಳಲಾರದು. ಆವಿ ಹನಿಯಾಗುತ್ತದೆ, ಹನಿ ಮೋಡವಾಗುತ್ತದೆ, ಆಗುಂಬೆಯ ಮೇಲೆ ಸುರಿಯುತ್ತದೆ. ಘಟ್ಟ ದಾಟಿ ಕೆಳಗಿಳಿಯುವಾಗ ಇದೆಲ್ಲ ತಿರುಗಾಮುರುಗಾ. ಗಾಳಿ ಒತ್ತಿಕೊಳ್ಳುತ್ತದೆ, ಬಿಸಿಯಾಗುತ್ತದೆ, ಒಣಗುತ್ತದೆ. ನಿಮ್ಮೂರು ಇರುವುದು ಈ ಕಡೆ, ಮಳೆನೆರಳಿನಲ್ಲಿ.

ಆಷಾಢದಲ್ಲಿ ನಿಮ್ಮ ಮನೆಯ ಹೆಂಚು ಹಾರಿಸುವಂತೆ ಬೀಸುತ್ತದಲ್ಲ, ಅದು ಇದೇ ಗಾಳಿ. ನೀರನ್ನು ಮಲೆನಾಡಿನಲ್ಲಿ ಚೆಲ್ಲಿ ಬರಿಗೈಲಿ ಬಂದಿರುತ್ತದೆ. ಸುಮ್ನೆ ಬಂತು ಅಂತಲೂ ಹೇಳುವ ಹಾಗಿಲ್ಲ, ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ಜೋರಾಗಿ ತಿರುಗಿಸುವುದು ಅದೇ. ನಿಮ್ಮ ಕಡೆ ಮಳೆ ಜಾಸ್ತಿ ಬೀಳುವುದು ಆಮೇಲೆ, ಸೆಪ್ಟೆಂಬರ್, ಅಕ್ಟೋಬರಿನಲ್ಲಿ.

ಈಗ ತಾತನ ಮಾತು. ಇಲ್ಲಿ ಸ್ವಲ್ಪ ನಿಧಾನವಾಗಿ ಓದು.

“ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು” ಅನ್ನುತ್ತಾರೆ. ಭರಣಿ, ರೋಹಿಣಿ, ಆರಿದ್ರಾ, ಮಘೆ, ಹಸ್ತ, ಸ್ವಾತಿ ಎಂದು ಹದಿಮೂರು ಹದಿನಾಲ್ಕು ದಿನಕ್ಕೊಂದರಂತೆ ಮಳೆ ಎಣಿಸುವ ಆ ಪಟ್ಟಿ ಇದೆಯಲ್ಲ, ಅದು ರೈತರು ತಲೆಮಾರುಗಳಿಂದ ನೋಡಿ ನೋಡಿ ಮಾಡಿಕೊಂಡ ವಾಯುಗುಣದ ಪಟ್ಟಿ. ಯಾವಾಗ ಉಳಬೇಕು, ಯಾವಾಗ ಬಿತ್ತಬೇಕು ಎಂಬುದಕ್ಕೆ ಅದೇ ಲೆಕ್ಕ. ಆದರೆ ಆಗಸ್ಟ್ ನಡುವೆ ಹುಟ್ಟುವ ಮಘೆ ಈ ವರ್ಷ ಕೈಕೊಟ್ಟಿತು ಅನ್ನುವುದು ಹವಾಮಾನ. ಒಂದು ಮಳೆ ತಪ್ಪಿದ್ದಕ್ಕೆ ಕಾಲಮಾನ ಬದಲಾಯ್ತು ಅನ್ನಲಾಗದು.

ನಿಮ್ಮ ಮಾರಿಕಣಿವೆಯನ್ನೇ ನೋಡು. 1907ರಲ್ಲಿ ಕಟ್ಟಿ ಮುಗಿಸಿದ ಜಲಾಶಯ. 1933ರಲ್ಲಿ ಕೋಡಿ ಬಿತ್ತು. ಮತ್ತೆ ಕೋಡಿ ಬಿದ್ದಿದ್ದು 2022ರಲ್ಲಿ, 89 ವರ್ಷದ ಮೇಲೆ. 2022 ಒಂದನ್ನೇ ನೋಡಿದವರು ಹಿರಿಯೂರು ಮಲೆನಾಡಾಯ್ತು ಅನ್ನಬಹುದಿತ್ತು. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು. ಅದಕ್ಕೆ ಮಳೆಯ ಜೊತೆ ಭದ್ರೆಯಿಂದ ಎತ್ತಿ ತಂದ ನೀರೂ ಸೇರಿತ್ತು. ಹಾಗಾಗಿ ಕೆರೆ ತುಂಬಿದ್ದನ್ನು ನೋಡಿ ಮಳೆಯ ಲೆಕ್ಕ ಹೇಳುವುದೂ ಕಷ್ಟವೇ.

ಹಾಗಂತ ತಾತನನ್ನು ಸುಮ್ಮನಿರಿಸಬೇಡ. ಹತ್ತೊಂಬತ್ತನೇ ಶತಮಾನದ ಕೊನೆಗೆ ಹೋಲಿಸಿದರೆ ಭೂಮಿಯ ಸರಾಸರಿ ಉಷ್ಣತೆ 1 ಡಿಗ್ರಿಗಿಂತ ಜಾಸ್ತಿ ಏರಿದೆ. ಬಿಸಿಯಾದ ಗಾಳಿ ಹೆಚ್ಚು ನೀರಾವಿ ಹಿಡಿಯುತ್ತದೆ, ಬಂದಾಗ ಒಮ್ಮೆಲೇ ಸುರಿಯುತ್ತದೆ. ಐವತ್ತು ಅರವತ್ತು ಮಳೆಗಾಲ ಕಂಡವರು ಹೇಳುವ ಮಾತಿಗೆ ಬೆಲೆ ಇದೆ. “ಈ ಸಲ ಬಿಡಿ ತಾತ, ನೀವು ಚಿಕ್ಕವರಿದ್ದಾಗ ಮಘೆ ಎಷ್ಟು ಸಲ ತಪ್ಪುತ್ತಿತ್ತು?” ಅಂತ ಕೇಳು. ಹೇಳಿದ್ದನ್ನು ಬರೆದುಕೋ.

ನೀನೂ ಅಳೆಯಬಹುದು. ಬುಡದಿಂದ ಬಾಯಿವರೆಗೆ ಒಂದೇ ಅಗಲ ಇರುವ, ತಳ ಚಪ್ಪಟೆ ಇರುವ ಡಬ್ಬಿ ಸಾಕು. ಮರ, ಸೂರು ಅಡ್ಡ ಬರದ ಕಡೆ ಇಡು. ದಿನಾ ಬೆಳಿಗ್ಗೆ 8.30ಕ್ಕೆ, ಇಲಾಖೆಯವರು ಅಳೆಯುವ ಹೊತ್ತಿಗೇ, ಒಳಗೆ ಸ್ಕೇಲ್ ಇಳಿಸಿ ನೋಡು. 10 ಮಿಲಿಮೀಟರ್ ನೀರು ನಿಂತಿದ್ದರೆ ಬಿದ್ದ ಮಳೆಯೂ 10 ಮಿಲಿಮೀಟರ್. ಡಬ್ಬಿ ದೊಡ್ಡದಿರಲಿ, ಸಣ್ಣದಿರಲಿ, ಲೆಕ್ಕ ಬದಲಾಗದು. ಯಾಕೆ ಅಂತ ನೀನೇ ಯೋಚಿಸು. ಸುಳಿವು ಬೇಕಾದರೆ, ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸರಿಯಾಗಿ ಒಂದು ಲೀಟರ್ ನೀರು.

ಮುಂದಿನ ವರ್ಷ ಆರಿದ್ರಾದಿಂದ ಸ್ವಾತಿವರೆಗೆ ಬರೆದು ಕಳಿಸು, ಅಚ್ಚು ಹಾಕುತ್ತೇವೆ. ನಮ್ಮ ತಪ್ಪಿನ ತಿದ್ದುಪಡಿ ಇದೇ ಸಂಚಿಕೆಯ ಮೂರನೇ ಪುಟದಲ್ಲಿದೆ. ಮೇಡಂಗೆ ತೋರಿಸು.

— ಸಂಪಾದಕ