ಹುಮಿರಾ ಪೇಟೆಂಟ್ 2016ರಲ್ಲೇ ಮುಗಿದರೂ ಅಮೆರಿಕದಲ್ಲಿ ಬದಲಿ ಔಷಧಿ 2023ರವರೆಗೆ ಯಾಕೆ ಬರಲಿಲ್ಲ?

2016ರಲ್ಲಿ ಮುಗಿದದ್ದು ಮುಖ್ಯ ಪೇಟೆಂಟ್ ಮಾತ್ರ. ಸಂಧಿವಾತಕ್ಕೆ ಕೊಡುವ ಈ ಇಂಜೆಕ್ಷನ್ ಮೇಲೆ ಅಬ್‌ವೀ ಕಂಪನಿ ಅಲ್ಲಿ ನೂರಕ್ಕೂ ಹೆಚ್ಚು ಪೇಟೆಂಟ್ ಪಡೆದಿತ್ತು.

ಇದು ಬಯಾಲಜಿಕ್, ಅಂದರೆ ಜೀವಕೋಶಗಳಿಂದ ತಯಾರಿಸುವ ಔಷಧಿ. ಹಾಗಾಗಿ ಔಷಧಿಗಷ್ಟೇ ಅಲ್ಲ, ಅದನ್ನು ತಯಾರಿಸುವ ವಿಧಾನ, ಇಂಜೆಕ್ಷನ್ ದ್ರವದಲ್ಲಿ ಏನೇನು ಸೇರಿಸಬೇಕು, ಯಾವ ಕಾಯಿಲೆಗೆ ಎಷ್ಟು ಡೋಸ್, ಇವಕ್ಕೆಲ್ಲ ಬೇರೆ ಬೇರೆ ಪೇಟೆಂಟ್ ಸಿಗುತ್ತದೆ. ಅಷ್ಟನ್ನೂ ಕೋರ್ಟಿನಲ್ಲಿ ಎದುರಿಸಲು ವರ್ಷಗಳೇ ಬೇಕು, ಖರ್ಚೂ ಜಾಸ್ತಿ. ಪ್ರತಿಸ್ಪರ್ಧಿ ಕಂಪನಿಗಳು ರಾಜಿ ಮಾಡಿಕೊಂಡು 2023ಕ್ಕೆ ಒಪ್ಪಿದವು.

ಅನುಮತಿ ಸಿಕ್ಕ ದಿನದಿಂದ ಅಮೆರಿಕದ ಕಾನೂನು ಕೊಡುವ 12 ವರ್ಷದ ಮಾರುಕಟ್ಟೆ ರಕ್ಷಣೆ ಪೇಟೆಂಟ್‌ಗಿಂತ ಬೇರೆ. ಹುಮಿರಾಗೆ ಅದು 2014ರಲ್ಲೇ ಮುಗಿದಿತ್ತು. ಯುರೋಪಿನ ರೋಗಿಗಳಿಗೆ ಬದಲಿ ಔಷಧಿ 2018ರಲ್ಲೇ ಸಿಕ್ಕಿತು. ಅಮೆರಿಕದವರು ಮತ್ತೆ ನಾಲ್ಕು ವರ್ಷ ಕಾಯಬೇಕಾಯಿತು. ಇದು ಅನ್ಯಾಯ ಅಲ್ವಾ?